ಗೇರ್‌ಬಾಕ್ಸ್ ಬಿಚ್ಚೋಕೆ ಮುಂಚೆ ಇಷ್ಟು ನೋಡಿ

ಹಳೇ ಆಟೋಮ್ಯಾಟಿಕ್ ಕಾರು ಜರ್ಕ್ ಹೊಡೀತಿದೆ ಅಂದ ಕೂಡಲೇ ಗ್ಯಾರೇಜಿನಲ್ಲಿ ಬರೋ ಮಾತು: "ಗೇರ್‌ಬಾಕ್ಸ್ ಹೋಗಿದೆ ಸಾರ್." ನಮ್ಮ ಮನೆಯ 14 ವರ್ಷದ ಕಾರಿಗೂ ಹಾಗೇ ಹೇಳಿದ್ರು. ಎಸ್ಟಿಮೇಟ್ ಕಾರಿನ ಬೆಲೆಯ ಅರ್ಧಕ್ಕಿಂತ ಜಾಸ್ತಿ. ಸಾಫ್ಟ್‌ವೇರಿನವರು ಲಾಗ್ ನೋಡದೆ ಸರ್ವರ್ ಬದಲಾಯಿಸಲ್ಲ. ಇಲ್ಲೂ ನಾನು ಅದನ್ನೇ ಮಾಡಿದೆ. (ಇದು ಟಾರ್ಕ್ ಕನ್ವರ್ಟರ್ ಗಾಡಿಗಳ ಮಾತು, ಎಎಂಟಿ ಲೆಕ್ಕ ಬೇರೆ.)

ಮೊದಲು ಆಯಿಲ್. ಡಿಪ್‌ಸ್ಟಿಕ್ ಇದ್ದರೆ ಒಂದು ಹನಿಯನ್ನು ಬಿಳಿ ಟಿಶ್ಯೂಗೆ ಒರೆಸಿ. ಹೊಸ ಆಯಿಲ್ ಸಾಮಾನ್ಯವಾಗಿ ಕೆಂಪು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಸವೆದಿರಬಹುದು. ಸ್ಟ್ರಾಬೆರಿ ಮಿಲ್ಕ್‌ಶೇಕ್ ಥರ ಕಂಡರೆ ಕೂಲೆಂಟ್ ಸೇರಿರುತ್ತೆ, ಗಾಡಿ ಓಡಿಸಲೇಬೇಡಿ. ಮಟ್ಟ ಇಳಿದಿದ್ದರೆ ಎಲ್ಲೋ ಲೀಕ್ ಇದೆ. ಎಂಜಿನ್ ಆಯಿಲ್ ಥರ ಇದು ಉರಿದು ಖರ್ಚಾಗಲ್ಲ.

ಆಮೇಲೆ ಲಕ್ಷಣ. ‘ಡಿ’ಗೆ ಹಾಕಿದ ಮೇಲೂ ಗಾಡಿ ಎರಡು-ಮೂರು ಸೆಕೆಂಡ್ ಸುಮ್ಮನಿದ್ದರೆ ಆಯಿಲ್ ಒತ್ತಡ ಸಾಲ್ತಿಲ್ಲದಿರಬಹುದು. ಆರ್‌ಪಿಎಂ ಏರಿದರೂ ವೇಗ ಏರದಿದ್ದರೆ ಅದು ಸ್ಲಿಪ್.

ಕೊನೆಗೆ ಕೋಡ್. ಒಬಿಡಿ ಸ್ಕ್ಯಾನರ್‌ನಲ್ಲಿ ಪಿ0700 ಬಂತು. ಇದು ಕಾಯಿಲೆಯ ಹೆಸರಲ್ಲ, "ಗೇರ್‌ಬಾಕ್ಸ್ ಕಂಪ್ಯೂಟರಲ್ಲಿ ದೂರು ದಾಖಲಾಗಿದೆ" ಅನ್ನೋ ಸೂಚನೆ ಅಷ್ಟೇ. ಆ ಕಂಪ್ಯೂಟರನ್ನೂ ಓದುವ ಸ್ಕ್ಯಾನರ್ ಹಾಕಿಸಿದಾಗ ಸಿಕ್ಕಿದ್ದು ಪಿ0715: ಇನ್‌ಪುಟ್ ಸ್ಪೀಡ್ ಸೆನ್ಸರ್ ಸರ್ಕ್ಯೂಟ್ ದೋಷ. ವೈರಿಂಗ್ ಸರಿಯಿತ್ತು, ಸೆನ್ಸರ್ ಬದಲಾಯಿಸಿದ್ವಿ, ಜರ್ಕ್ ನಿಂತಿತು.

ಎಲ್ಲರಿಗೂ ಇಷ್ಟು ಅಗ್ಗದಲ್ಲಿ ಮುಗಿಯಲ್ಲ. ಸುಟ್ಟ ಆಯಿಲ್ ಜೊತೆ ಸ್ಲಿಪ್ಪೂ ಇದ್ದರೆ ಬಿಚ್ಚಿಸಲೇಬೇಕಾಗಬಹುದು. ಆದರೆ ಒಪ್ಪಿಕೊಳ್ಳೋ ಮೊದಲು ಮೆಕ್ಯಾನಿಕ್‌ಗೆ ಎರಡು ಪ್ರಶ್ನೆ ಕೇಳಿ: "ಆಯಿಲ್ ಹೇಗಿತ್ತು? ಯಾವ ಕೋಡ್ ಬಂತು?" ಉತ್ತರ ಬರದಿದ್ದರೆ ಇನ್ನೊಂದು ಗ್ಯಾರೇಜಲ್ಲೂ ತೋರಿಸಿ.