ಶೌಚಾಲಯದ ಬಾಗಿಲಲ್ಲಿ ಮಗು ಅಳುವುದೇಕೆ?

ಬಸ್ ನಿಲ್ದಾಣದಲ್ಲೋ ಮದುವೆಯ ಛತ್ರದಲ್ಲೋ ಈ ದೃಶ್ಯವನ್ನು ನೀವೂ ನೋಡಿರಬಹುದು. ಏಳೆಂಟು ವರ್ಷದ ಹುಡುಗ. ನೋಡಲು ಗಟ್ಟಿಮುಟ್ಟಾಗಿಯೇ ಇದ್ದಾನೆ. ಶೌಚಾಲಯದ ಬಾಗಿಲು ಹತ್ತಿರವಾದ ಕೂಡಲೇ ಎರಡೂ ಕಿವಿ ಮುಚ್ಚಿಕೊಂಡು ಕಿರುಚತೊಡಗುತ್ತಾನೆ. ತಾಯಿ ಒಳಕ್ಕೆ ಎಳೆದರೆ ಅವನು ಹೊರಕ್ಕೆ ಎಳೆಯುತ್ತಾನೆ. ಸಾಲಿನಲ್ಲಿ ನಿಂತ ಹೆಂಗಸರೆಲ್ಲ ತಿರುಗಿ ನೋಡುತ್ತಾರೆ. "ಏನ್ ಹಠಾರೀ ಇವನದು! ಎರಡು ಬಿಟ್ರೆ ತಾನೇ ಸರಿಹೋಗ್ತಾನೆ" ಎಂದು ಒಬ್ಬರು. "ತಾಯಿ ಮುದ್ದು ಮಾಡಿ ಕೆಡಿಸಿದಾಳೆ" ಎಂದು ಇನ್ನೊಬ್ಬರು. ಅಷ್ಟರಲ್ಲಿ ಹುಡುಗನ ಚಡ್ಡಿ ಒದ್ದೆಯಾಗಿರುತ್ತದೆ. ತಾಯಿ ತಲೆ ತಗ್ಗಿಸಿಕೊಂಡು ಅವನನ್ನು ಎತ್ತಿಕೊಂಡು ಹೊರಟುಬಿಡುತ್ತಾಳೆ.

ನಿಜ ಹೇಳಬೇಕೆಂದರೆ, ಹಾಗೆ ಅಂದವರಲ್ಲಿ ನಾವೂ ಒಬ್ಬರಾಗಿದ್ದಿರಬಹುದು. ಆದರೆ ಅದು ಹಠವಲ್ಲ. ಆ ಬಾಗಿಲಿನಾಚೆ ಆ ಮಗುವಿಗೆ ನಿಜವಾಗಿಯೂ ನೋವಾಗುವಂಥದ್ದು ಇದೆ. ಅದೇನೆಂದು ತಿಳಿದುಕೊಂಡರೆ, ಅದರಲ್ಲಿ ಮುಕ್ಕಾಲು ಪಾಲನ್ನು ಹೆಚ್ಚು ಖರ್ಚಿಲ್ಲದೆ ನಾವೇ ಸರಿಪಡಿಸಬಹುದು.

ನಿಮಗೂ ಗೊತ್ತಿರುವ ಸಂಕಟ

ನೀವು ಬಸುರಿಯಾಗಿದ್ದ ದಿನಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ದಿನವೂ ಹಾಕುವ ಅದೇ ಇಂಗಿನ ಒಗ್ಗರಣೆ. ಮನೆಯವರಿಗೆಲ್ಲ ಘಮಘಮ, ನಿಮಗೆ ಮಾತ್ರ ಹೊಟ್ಟೆ ತೊಳಸುವ ವಾಸನೆ. ಆಗ ಯಾರಾದರೂ "ಸುಮ್ಮನೆ ನಾಟಕ ಆಡ್ತೀಯ" ಎಂದಿದ್ದರೆ ನಿಮಗೆ ಹೇಗಾಗುತ್ತಿತ್ತು? ಅರೆತಲೆನೋವು ಬರುವವರನ್ನು ಕೇಳಿ ನೋಡಿ. ನೋವು ಎದ್ದಾಗ ಪಾತ್ರೆಯ ಸದ್ದು ಸುತ್ತಿಗೆಯ ಏಟಾಗುತ್ತದೆ, ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತದೆ.

ನಮಗೆ ಕೆಲವು ಗಂಟೆ, ಕೆಲವು ತಿಂಗಳು ಬಂದುಹೋಗುವ ಈ ಸ್ಥಿತಿ ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ. ಅವರ ಕಿವಿ, ಕಣ್ಣು, ಮೂಗು ಕೆಟ್ಟಿರುವುದಿಲ್ಲ. ಅವು ತಂದುಕೊಟ್ಟ ಸುದ್ದಿಯಲ್ಲಿ ಬೇಕಾದ್ದೆಷ್ಟು, ಬೇಡದ್ದೆಷ್ಟು ಎಂದು ಸೋಸುವ ಕೆಲಸ ಮೆದುಳಿನದು. ಆ ಜರಡಿಯ ಕಣ್ಣು ದೊಡ್ಡದಾಗಿದ್ದರೆ ಎಲ್ಲವೂ ಒಟ್ಟಿಗೇ ಒಳಗೆ ನುಗ್ಗುತ್ತದೆ. ಆಟಿಸಂ ಇರುವವರಲ್ಲಿ ಇದು ಬಹಳ ಸಾಮಾನ್ಯ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಕೈಪಿಡಿಯಲ್ಲಿ, ಆಟಿಸಂ ಗುರುತಿಸುವ ಲಕ್ಷಣಗಳಲ್ಲಿ ಇದನ್ನೂ ಸೇರಿಸಿದೆ. ಆಟಿಸಂ ಇಲ್ಲದ ಮಕ್ಕಳಲ್ಲೂ, ಮರೆವಿನ ಕಾಯಿಲೆಯ ಹಿರಿಯರಲ್ಲೂ ಇಂಥ ಸೂಕ್ಷ್ಮತೆ ಇರುವುದುಂಟು.

ಆಟಿಸಂ ಇದ್ದೂ ಪ್ರಾಣಿವಿಜ್ಞಾನದ ಪ್ರಾಧ್ಯಾಪಕಿಯಾದ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ತಮ್ಮ ಬಾಲ್ಯದ ಬಗ್ಗೆ ಬರೆದಿದ್ದಾರೆ. ಶಾಲೆಯ ಗಂಟೆ ಬಾರಿಸಿದಾಗ ಅವರಿಗೆ ಹಲ್ಲಿನ ಡಾಕ್ಟರು ಡ್ರಿಲ್ಲಿನಿಂದ ನರವನ್ನೇ ಮುಟ್ಟಿದಂತೆ ಆಗುತ್ತಿತ್ತಂತೆ. ಶಾಲೆಯ ಗಂಟೆಗೇ ಹೀಗಾದರೆ, ಶೌಚಾಲಯದ ಗತಿಯೇನು?

ಬಾಗಿಲಿನಾಚೆ ಏನಿದೆ?

ಮೊದಲು ಸದ್ದು. ಶೌಚಾಲಯದ ಗೋಡೆ, ನೆಲ ಎಲ್ಲವೂ ಟೈಲ್ಸ್. ಸದ್ದನ್ನು ಹೀರಿಕೊಳ್ಳಲು ಒಂದು ಪರದೆಯೂ ಇರುವುದಿಲ್ಲ. ತಗಡಿನ ಬಾಗಿಲು ದಢಾರೆಂದು ಬಡಿದರೆ, ಬಕೆಟ್ಟು ನೆಲಕ್ಕೆ ಉಜ್ಜಿದರೆ, ಆ ಸದ್ದು ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಮಾಲ್, ದೊಡ್ಡ ಆಸ್ಪತ್ರೆ, ವಿಮಾನ ನಿಲ್ದಾಣಗಳಲ್ಲಂತೂ ಕೈ ಒಣಗಿಸುವ ಹ್ಯಾಂಡ್ ಡ್ರೈಯರ್ ಬೇರೆ. ತಾನಾಗಿಯೇ ನೀರು ಬಿಡುವ ಫ್ಲಷ್ ಯಾವಾಗ ಗರ್ಜಿಸುತ್ತದೋ ಹೇಳಲಾಗದು.

ಈ ಡ್ರೈಯರ್ ಬಗ್ಗೆ ಒಂದು ಸ್ವಾರಸ್ಯದ ಸಂಗತಿ ಕೇಳಿ. ಕೆನಡಾದ ನೋರಾ ಕೀಗನ್ ಎಂಬ ಹುಡುಗಿ, ಮಕ್ಕಳು ಈ ಯಂತ್ರ ಕಂಡರೆ ಕಿವಿ ಮುಚ್ಚಿಕೊಳ್ಳುವುದನ್ನು ಗಮನಿಸಿದಳು. ಸುಮ್ಮನಿರದೆ ಸದ್ದು ಅಳೆಯುವ ಮೀಟರ್ ಹಿಡಿದು ಅಲ್ಬರ್ಟಾ ಪ್ರಾಂತದ ಸಾರ್ವಜನಿಕ ಶೌಚಾಲಯಗಳಲ್ಲಿ 44 ಯಂತ್ರಗಳನ್ನು ಪರೀಕ್ಷಿಸಿದಳು. ದೊಡ್ಡವರ ಕಿವಿಯ ಎತ್ತರದಲ್ಲಷ್ಟೇ ಅಲ್ಲ, ಮಕ್ಕಳ ಕಿವಿಯ ಎತ್ತರದಲ್ಲೂ ಅಳೆದಳು. ಕೆಲವು ಯಂತ್ರಗಳು 100 ಡೆಸಿಬಲ್ ದಾಟಿದವು. ಒಂದಂತೂ 121 ಮುಟ್ಟಿತು. ನಾವು ಮಾತಾಡುವ ಸದ್ದು ಸುಮಾರು 60 ಡೆಸಿಬಲ್, ನಮ್ಮ ಅಡಿಗೆಮನೆಯ ಮಿಕ್ಸಿಯದು 85ರ ಆಸುಪಾಸು ಎಂದರೆ ಅಂದಾಜು ಸಿಕ್ಕೀತು. ಅಲ್ಲಿ 100 ಡೆಸಿಬಲ್‌ಗಿಂತ ಹೆಚ್ಚು ಸದ್ದು ಮಾಡುವ ಆಟಿಕೆಯನ್ನು ಮಾರಲು ಸರಕಾರವೇ ಬಿಡುವುದಿಲ್ಲ! ಅವಳ ಬರಹ 2019ರಲ್ಲಿ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಅಚ್ಚಾದಾಗ ಅವಳಿಗಿನ್ನೂ 13 ವರ್ಷ. ಕಿವಿ ನೋಯುತ್ತದೆ ಎನ್ನುವ ಮಕ್ಕಳು ಸುಳ್ಳು ಹೇಳುತ್ತಿಲ್ಲ ಎಂಬುದೇ ಅದರ ಸಾರಾಂಶ.

ಇನ್ನು ವಾಸನೆ. ಮೂತ್ರದಲ್ಲಿನ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಮೂಗಿಗೆ ಬಡಿಯುವ ಗಬ್ಬುನಾತ ಅದರದೇ. ಅದನ್ನು ಅಡಗಿಸಲೆಂದು ನಾವು ಫಿನಾಯಿಲ್ ಸುರಿಯುತ್ತೇವೆ, ನುಸಿಗುಳಿಗೆ ಹಾಕುತ್ತೇವೆ, ಮೇಲೆ ಮಲ್ಲಿಗೆ ವಾಸನೆಯ ಸ್ಪ್ರೇ. ನಾತ ಹೋಗುವುದಿಲ್ಲ. ಒಂದರ ಮೇಲೊಂದು ನಾಲ್ಕು ವಾಸನೆಗಳಾಗುತ್ತವೆ ಅಷ್ಟೆ. ಜತೆಗೆ ಪಟಪಟ ಮಿಟುಕುವ ಹಳೆಯ ಟ್ಯೂಬ್‌ಲೈಟು. ಕಾಲಿಗೆ ತಣ್ಣಗೆ ತಾಗುವ ಯಾರದೋ ನೀರು. ಇವೆಲ್ಲ ಒಂದೇ ಕ್ಷಣದಲ್ಲಿ ಮೇಲೆ ಬಿದ್ದರೆ ಆ ಪುಟ್ಟ ಜೀವ ಓಡದೆ ಇನ್ನೇನು ಮಾಡೀತು?

ಮನೆಯಲ್ಲೇ ಉಳಿದುಬಿಡುವ ತಾಯಂದಿರು

"ಹೋಗಲಿ ಬಿಡಿ, ಸ್ವಲ್ಪ ಹೊತ್ತು ತಡ್ಕೊಂಡ್ರಾಯ್ತು" ಎನ್ನಬೇಡಿ. ಪದೇ ಪದೇ ತಡೆದುಕೊಂಡ ಮಕ್ಕಳಿಗೆ ಮೂತ್ರನಾಳದ ಸೋಂಕು, ಮಲಬದ್ಧತೆ ಬರುವ ಸಂಭವ ಹೆಚ್ಚು. ಮಗುವಿಗೆ ಶೌಚಾಲಯದ ಭಯ ಎಂದು ತಾಯಿ ಪ್ರಯಾಣದ ದಿನ ಬೆಳಿಗ್ಗೆಯಿಂದ ನೀರೇ ಕುಡಿಸುವುದಿಲ್ಲ. ಮುಂದೆ ಮದುವೆ-ಮುಂಜಿ ಬಿಟ್ಟಳು, ಜಾತ್ರೆ ಬಿಟ್ಟಳು, ತವರಿಗೆ ಹೋಗುವುದನ್ನೂ ಬಿಟ್ಟಳು. ಒಂದು ಶೌಚಾಲಯದ ಸಲುವಾಗಿ ಇಡೀ ಸಂಸಾರ ಹೊಸ್ತಿಲೊಳಗೇ ಉಳಿದುಬಿಡುತ್ತದೆ.

ಮಗ ಬೆಳೆದ ಮೇಲಂತೂ ಇನ್ನೊಂದು ಪೇಚು. ಹನ್ನೆರಡು ವರ್ಷದ ಹುಡುಗನಿಗೆ ಇನ್ನೂ ತಾಯಿಯ ಸಹಾಯ ಬೇಕು. ಅವನನ್ನು ಯಾವ ಬಾಗಿಲಿಗೆ ಕರೆದೊಯ್ಯಬೇಕು? ಗಂಡಸರ ಕಡೆ ಅವಳು ಹೋಗುವಂತಿಲ್ಲ. ಹೆಂಗಸರ ಕಡೆ ಕರೆತಂದರೆ "ಇಷ್ಟು ದೊಡ್ಡ ಹುಡುಗನ್ನ ಒಳಗೆ ಕರ್ಕೊಂಡು ಬಂದಿದೀರಲ್ರೀ?" ಎಂಬ ಮಾತು. ಅಂಗವಿಕಲರ ಶೌಚಾಲಯ ಎಂದು ಬೋರ್ಡು ಇರುವ ಕಡೆ ನೋಡಿದರೆ ಬೀಗ. ತೆಗೆಸಿದರೆ ಒಳಗೆ ಪೊರಕೆ, ಸುಣ್ಣದ ಡಬ್ಬ!

ಇಂಥ ಮಗುವಿನ ತಾಯಿ ನೀವಾಗಿದ್ದರೆ

1. ಹೊರಡುವ ಮುನ್ನ ಮನೆಯಲ್ಲೇ ಶೌಚ ಮುಗಿಸಿ. ಆದರೆ ನೀರು ಕುಡಿಸುವುದನ್ನು ನಿಲ್ಲಿಸಬೇಡಿ.

2. ಹೊಸ ಜಾಗಕ್ಕೆ ಮೊದಲು ನೀವೊಬ್ಬರೇ ಹೋಗಿ ನೋಡಿಕೊಂಡು ಬನ್ನಿ. ಡ್ರೈಯರ್ ಇದೆಯೇ, ಫ್ಲಷ್ ಎಂಥದು ಎಂದು ನೋಡಿ, ಮಗುವಿಗೆ ಮುಂಚೆಯೇ ಹೇಳಿ. ಹೇಳಿದ್ದು ಅರ್ಥವಾಗದ ಮಗುವಿಗೆ ಬಾಗಿಲು, ಕಮೋಡು, ನಲ್ಲಿ ಎಂದು ಚಿತ್ರ ಬರೆದು ತೋರಿಸಿ. ಏನಾಗುತ್ತದೆಂದು ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ.

3. ಜನ ಕಡಿಮೆ ಇರುವ ಹೊತ್ತು ಆರಿಸಿಕೊಳ್ಳಿ. ಛತ್ರದಲ್ಲಾದರೆ ಊಟದ ಪಂಕ್ತಿ ಏಳುವುದಕ್ಕೆ ಮುಂಚೆ.

4. ಕಿವಿಯನ್ನು ಪೂರಾ ಮುಚ್ಚುವ, ಹೆಡ್‌ಫೋನ್ ಆಕಾರದ ಸದ್ದು ತಡೆಯುವ ಸಾಧನ ಸಿಗುತ್ತದೆ, ಕೈಚೀಲದಲ್ಲಿರಲಿ. ಮಗುವಿಗೆ ಇಷ್ಟವಾದ ವಾಸನೆಯ ಕರವಸ್ತ್ರವೂ ಇರಲಿ. ಏಲಕ್ಕಿಯೋ ಕಾಫಿಪುಡಿಯೋ ಕಟ್ಟಿಟ್ಟ ಬಟ್ಟೆಯಾದರೂ ಸರಿ.

5. ತಾನಾಗಿಯೇ ನೀರು ಬಿಡುವ ಫ್ಲಷ್ ಇದ್ದರೆ ಅದರ ಸಣ್ಣ ಕಪ್ಪು ಕಣ್ಣಿಗೆ ಒಂದು ಚೂರು ಅಂಟುಕಾಗದ ಹಚ್ಚಿ. ಮಗು ಹೊರಬಂದ ಮೇಲೆ ಕಿತ್ತುಬಿಡಿ. ಕೈಯಿಂದ ಒತ್ತುವ ಫ್ಲಷ್ ಆದರೆ ಮಗುವನ್ನು ಹೊರಗೆ ಕಳಿಸಿ ನೀವು ಒತ್ತಿ. ಕೈ ಒರೆಸಲು ನಿಮ್ಮದೇ ಟವೆಲ್ ಒಯ್ಯಿರಿ.

6. ಹೊಡೆಯಬೇಡಿ, ಎಳೆಯಬೇಡಿ. ಇಂದು ಬಾಗಿಲವರೆಗೆ, ನಾಳೆ ಒಳಗೆ ಎರಡು ನಿಮಿಷ, ಹೀಗೆ ನಿಧಾನವಾಗಿ ರೂಢಿಯಾಗಲಿ.

ಮಗುವಿನ ತೊಂದರೆ ಏನೆಂದು ಇನ್ನೂ ಗೊತ್ತಾಗಿಲ್ಲದಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಆಟಿಸಂ ಇರುವ ಮಕ್ಕಳನ್ನು ಪರೀಕ್ಷಿಸಿ ದಾರಿ ತೋರಿಸುತ್ತಾರೆ.

ಶೌಚಾಲಯ ನಿಮ್ಮ ಸುಪರ್ದಿನಲ್ಲಿದ್ದರೆ

ನಿಮ್ಮ ಮನೆಯವರು ಶಾಲೆ, ಛತ್ರ, ದೇವಸ್ಥಾನದ ಸಮಿತಿಯಲ್ಲಿರಬಹುದು. ನೀವೇ ಪಂಚಾಯಿತಿ ಸದಸ್ಯೆಯಾಗಿರಬಹುದು. ಅಲ್ಲಿ ಮಾಡಬೇಕಾದ್ದು ಬಹಳವೇನಿಲ್ಲ.

ಬಾಗಿಲ ಚೌಕಟ್ಟಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಬಡಿಸಿ. ದಢಾರ್ ಸದ್ದು ನಿಲ್ಲುತ್ತದೆ. ತಗಡಿನ ಬಕೆಟ್ಟಿನ ಬದಲು ಪ್ಲಾಸ್ಟಿಕ್ಕಿನದು ಇಡಿ. ಹ್ಯಾಂಡ್ ಡ್ರೈಯರ್ ಇದ್ದರೆ ಅದಕ್ಕೊಂದು ಸ್ವಿಚ್ಚು, ಪಕ್ಕದಲ್ಲಿ ಕಾಗದದ ಟವೆಲ್ ಇರಲಿ. ಮಿಟುಕುವ ಟ್ಯೂಬ್ ತೆಗೆಸಿ ನಿಶ್ಚಲವಾಗಿ ಉರಿಯುವ ಎಲ್ಇಡಿ ದೀಪ ಹಾಕಿಸಿ.

ವಾಸನೆಗೆ ಮದ್ದು ಹೆಚ್ಚು ಫಿನಾಯಿಲ್ ಅಲ್ಲ. ಆಗಾಗ ನೀರು ಹಾಕಿ ತೊಳೆದು ನೆಲ ಒಣಗಿಸುವುದು ಮತ್ತು ಗಾಳಿ ಆಡಲು ಕಿಟಕಿ ಬಿಡುವುದು. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಬ್ಲೀಚಿಂಗ್ ಪೌಡರ್ ಮತ್ತು ಟಾಯ್ಲೆಟ್ ಆ್ಯಸಿಡ್ ಎರಡನ್ನೂ ಎಂದೂ ಒಟ್ಟಿಗೆ ಹಾಕಕೂಡದು. ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಇದು ಮನೆಯ ಬಚ್ಚಲಿಗೂ ಅನ್ವಯ.

ಎಲ್ಲಕ್ಕಿಂತ ಮುಖ್ಯ, ಒಂದು ಕೋಣೆಯನ್ನಾದರೂ ಪ್ರತ್ಯೇಕವಾಗಿ ಇಡಿ. ಸಾಲಿನ ಕೊನೆಯಲ್ಲಿ, ಹೊರಗಿನಿಂದ ನೇರ ಬಾಗಿಲು ಇರುವಂಥದು, ಗಂಡು-ಹೆಣ್ಣು ಎಂಬ ಭೇದವಿಲ್ಲದೆ ತಾಯಿ ಮಗನನ್ನೂ ತಂದೆ ಮಗಳನ್ನೂ ಕರೆದೊಯ್ಯುವಂಥದು. ಈಗಾಗಲೇ ಅಂಗವಿಕಲರ ಕೋಣೆ ಇದ್ದರೆ ಪೊರಕೆಗಳನ್ನು ಹೊರಹಾಕಿ, ಬೀಗದ ಕೈ ಯಾರ ಹತ್ತಿರ ಇದೆ ಎಂದು ಬಾಗಿಲ ಮೇಲೇ ಬರೆಸಿ.

ಇದನ್ನು ಕೇಳುವುದು ಭಿಕ್ಷೆ ಬೇಡಿದಂತಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಷ್ಟೇ ಇದ್ದವು. 2016ರ ಹೊಸ ಕಾಯ್ದೆಯಲ್ಲಿ ಅವು 21 ಆದವು. ಆಟಿಸಂ ಕೂಡ ಸೇರಿತು. ಸರಕಾರಿಯಾಗಲಿ ಖಾಸಗಿಯಾಗಲಿ, ಜನ ಬಂದುಹೋಗುವ ಕಟ್ಟಡಗಳು, ಬಸ್ ನಿಲ್ದಾಣ ಸಹ, ಇವರೆಲ್ಲರಿಗೂ ಬಳಸಲು ಬರುವಂತಿರಬೇಕು ಎಂದು ಅದು ಹೇಳುತ್ತದೆ. ಆದರೆ ಅನುಕೂಲ ಎಂದರೆ ಇಳಿಜಾರು ಹಾದಿ, ಹಿಡಿಕಂಬಿ ಅಷ್ಟೇ ಎಂಬುದು ಇಂದಿಗೂ ನಮ್ಮ ತಿಳುವಳಿಕೆ. ಕಿವಿಗೂ ಮೂಗಿಗೂ ಅನುಕೂಲ ಬೇಕೆಂದು ಪುರಸಭೆಯ ಮುಖ್ಯಾಧಿಕಾರಿಗೆ ಒಂದು ಅರ್ಜಿ ಬರೆಯಿರಿ. ಸ್ತ್ರೀಶಕ್ತಿ ಸಂಘದ ಹತ್ತು ಜನರ ಸಹಿ ಬಿದ್ದರೆ ಅದರ ತೂಕವೇ ಬೇರೆ.

ಇವಾವುದೂ ನಿಮ್ಮ ಕೈಯಲ್ಲಿಲ್ಲವೇ? ಹಾಗಾದರೆ ಇಷ್ಟು ಮಾಡಿ. ಮುಂದಿನ ಸಲ ಸಾಲಿನಲ್ಲಿ ನಿಂತಾಗ ಕಿವಿ ಮುಚ್ಚಿಕೊಂಡು ಅಳುವ ಮಗು ಕಂಡರೆ, ದುರುಗುಟ್ಟಿ ನೋಡಬೇಡಿ, ಬುದ್ಧಿ ಹೇಳಬೇಡಿ. "ನೀವು ಮುಂದೆ ಹೋಗಿ ಅಮ್ಮಾ, ನಾನು ಬಾಗಿಲು ಹಿಡ್ಕೊಂಡಿರ್ತೀನಿ, ಸದ್ದಾಗೋದಿಲ್ಲ" ಎನ್ನಿ. ಆ ಒಂದು ಮಾತಿನಿಂದ ಆ ತಾಯಿ ಮುಂದಿನ ಮದುವೆಗೂ ಮಗುವನ್ನು ಕರೆದುಕೊಂಡು ಧೈರ್ಯವಾಗಿ ಬಂದಾಳು.