ಕಲ್ಲಿನ ಮೇಲಿನ ಬಣ್ಣದ ಮಚ್ಚೆ ಕೊಳೆಯೇ? ಉಜ್ಜಿ ತೆಗೆಯಬಹುದೇ?

ಊರಾಚೆಯ ವೀರಗಲ್ಲು, ಹೊಲದ ಬದುವಿನ ಶಾಸನ, ಬೆಟ್ಟದ ಹೆಬ್ಬಂಡೆಗಳ ಮೇಲೆ ಬೂದು, ತಿಳಿಹಸಿರು, ಹಳದಿ ಮಚ್ಚೆಗಳನ್ನು ನೀವು ನೋಡಿರುತ್ತೀರಿ. ಯಾರೋ ಸುಣ್ಣ ಎರಚಿದ ಹಾಗೆ, ಹಕ್ಕಿ ಹಿಕ್ಕೆ ಒಣಗಿದ ಹಾಗೆ ಕಾಣುತ್ತವೆ. ಕೊಳೆಯೆಂದು ತಿಳಿದು ತಂತಿ ಬ್ರಷ್ಷು, ಆಸಿಡ್ಡು ಹಿಡಿದು ಉಜ್ಜುವವರೂ ಇದ್ದಾರೆ. ಆದರೆ ಅದು ಕೊಳೆಯಲ್ಲ, ಜೀವಂತ ಕಲ್ಲುಹೂವು, ಅಂದರೆ ಲೈಕೆನ್.

ಹೆಸರಿನಲ್ಲಿ ಹೂವಿದ್ದರೂ ಇದು ಗಿಡವಲ್ಲ. ಒಂದು ಶಿಲೀಂಧ್ರ ಮತ್ತು ಪಾಚಿ ಕೂಡಿ ನಡೆಸುವ ಸಂಸಾರ. (ಕೆಲವದರಲ್ಲಿ ಪಾಚಿಯ ಬದಲು ಸಯನೋಬ್ಯಾಕ್ಟೀರಿಯಾ ಇರುತ್ತದೆ.) ಪಾಚಿ ಬಿಸಿಲಿನಿಂದ ಸಕ್ಕರೆ ತಯಾರಿಸುತ್ತದೆ, ಶಿಲೀಂಧ್ರ ಅದಕ್ಕೆ ಸೂರು ಒದಗಿಸುತ್ತದೆ. ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೀಮೋನ್ ಶ್ವೆಂಡನರ್ 1860ರ ದಶಕದಲ್ಲಿ ಹೀಗೆಂದಾಗ ಅದನ್ನು ಬಲವಾಗಿ ವಿರೋಧಿಸಿದವರು ಅಂದಿನ ಲೈಕೆನ್ ತಜ್ಞರೇ!

ಅಡುಗೆಮನೆಯ ಮಸಾಲೆ ಡಬ್ಬಿಯ ಕಲ್ಲುಹೂವು ಇದೇ ಬಳಗದ್ದು. ಆದರೆ ಅದು ಎಲೆಯಂತೆ ಹರಡಿಕೊಳ್ಳುವ ಜಾತಿ, ಸುಲಭವಾಗಿ ಬಿಡಿಸಬಹುದು. ಬಂಡೆಗೆ ಹಕ್ಕಳೆಯಂತೆ ಅಂಟಿದ ಜಾತಿಗಳಿಗೆ ತಳದಲ್ಲಿ ಪ್ರತ್ಯೇಕ ಸಿಪ್ಪೆಯೇ ಇಲ್ಲ. ಶಿಲೀಂಧ್ರದ ಎಳೆಗಳು ನೇರವಾಗಿ ಕಲ್ಲಿನ ಕಣಗಳ ನಡುವೆ ಇಳಿದಿರುತ್ತವೆ. ಕೆರೆದರೆ ಕಲ್ಲುಹೂವಿನ ಜೊತೆ ಕಲ್ಲಿನ ಕಣಗಳೂ ಕಿತ್ತು ಬರುತ್ತವೆ. ಶಾಸನದಲ್ಲಾದರೆ ಅಕ್ಷರದ ಅಂಚೇ ಹೋಯಿತು. ಹೊಯ್ಸಳರ ಗುಡಿಗಳ ಬಳಪದ ಕಲ್ಲಿನಂಥ ಮೆದು ಕಲ್ಲಿಗೆ ತಂತಿ ಬ್ರಷ್ಷು ಇನ್ನೂ ಅಪಾಯ. ಸುಣ್ಣದಕಲ್ಲು, ಅಮೃತಶಿಲೆಗಳನ್ನಂತೂ ಆಸಿಡ್ಡೇ ಕರಗಿಸುತ್ತದೆ.

ಹಾಗಾದರೆ ಕಲ್ಲುಹೂವಿನಿಂದ ಹಾನಿಯೇ ಇಲ್ಲವೇ? ಇದೆ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ ಅದು ಕಲ್ಲಿನ ಕಣಗಳನ್ನು ಸಡಿಲಿಸುತ್ತದೆ. ಅದು ಸ್ರವಿಸುವ ಆಕ್ಸಾಲಿಕ್ ಆಮ್ಲ ಖನಿಜಗಳನ್ನು ತಿನ್ನುತ್ತದೆ. ಆದರೆ ಇದೆಲ್ಲ ಬಹಳ ನಿಧಾನ. ಬ್ರಷ್ಷು ಒಂದು ಮಧ್ಯಾಹ್ನದಲ್ಲಿ ಮಾಡುವ ಹಾನಿಗೆ ಅದನ್ನು ಹೋಲಿಸಲಾಗದು. ಕೆಲವು ಕಡೆ ಈ ಹೊದಿಕೆಯೇ ಮಳೆಗಾಳಿಯಿಂದ ಕಲ್ಲನ್ನು ಕಾಯುವುದೂ ಉಂಟು. ಆದ್ದರಿಂದ ತೆಗೆಯಬೇಕೋ ಬಿಡಬೇಕೋ ಎಂಬುದನ್ನು ಆಯಾ ಕಲ್ಲನ್ನು ನೋಡಿ ಸಂರಕ್ಷಣಾ ತಜ್ಞರೇ ಹೇಳಬೇಕು.

ಎಷ್ಟು ನಿಧಾನ ಗೊತ್ತೇ? ಚಳಿಬೆಟ್ಟಗಳ ಬಂಡೆಗಳ ಮೇಲೆ ಭೂಪಟದಂತೆ ಹರಡುವ ರೈಜೋಕಾರ್ಪಾನ್ ಜಿಯಾಗ್ರಫಿಕಮ್ ಎಂಬ ಹಳದಿ-ಹಸಿರು ಜಾತಿ ಸಾಮಾನ್ಯವಾಗಿ ವರ್ಷಕ್ಕೆ 1 ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ. ಗಟ್ಟಿಜೀವವೂ ಹೌದು: 2005ರಲ್ಲಿ ಫೋಟಾನ್-ಎಂ2 ನೌಕೆಯ ಹೊರಮೈಯಲ್ಲಿ ಸುಮಾರು ಎರಡು ವಾರ ಬಾಹ್ಯಾಕಾಶದಲ್ಲಿದ್ದು ಬದುಕಿ ಬಂದಿತು. ಆಸ್ಟ್ರಿಯಾದ ರೋಲಾಂಡ್ ಬೆಶೆಲ್ 1950ರಲ್ಲಿ ಇಂಥ ಮಚ್ಚೆಗಳ ಅಗಲದಿಂದಲೇ ಹಿಮನದಿ ಬಿಟ್ಟುಹೋದ ಬಂಡೆಗಳ ವಯಸ್ಸು ಅಂದಾಜಿಸುವ ವಿಧಾನವನ್ನು ಮುಂದಿಟ್ಟರು.

ಇಲ್ಲಿಂದಲೇ ಇನ್ನೊಂದು ತಪ್ಪು ಕಲ್ಪನೆ ಹುಟ್ಟುತ್ತದೆ: "ಮಚ್ಚೆ ಇಷ್ಟು ದೊಡ್ಡದಿದೆ, ಕಲ್ಲಿಗೆ ಸಾವಿರ ವರ್ಷವಾದರೂ ಆಗಿರಬೇಕು!" ಜಾತಿ, ಹವೆ, ಕಲ್ಲು ಬದಲಾದರೆ ಬೆಳೆಯುವ ವೇಗವೂ ಬದಲಾಗುತ್ತದೆ. ಅದೇ ಜಾಗದಲ್ಲಿ ಕಾಲ ಖಚಿತವಾಗಿ ತಿಳಿದ ಕಲ್ಲುಗಳ ಮೇಲೆ ಅಳೆದು ಹೋಲಿಸದಿದ್ದರೆ ಆ ಲೆಕ್ಕಕ್ಕೆ ಅರ್ಥವಿಲ್ಲ.

ನಿಮ್ಮೂರಿನ ಶಾಸನ ಓದಲೇಬೇಕೆಂದಿದ್ದರೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಒಂದು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಅಕ್ಷರದ ಗುಳಿಗಳಲ್ಲಿ ನೆರಳು ತುಂಬಿ, ಹಗಲಲ್ಲಿ ಕಾಣದ ಸಾಲುಗಳೂ ಎಷ್ಟೋ ಸಲ ಎದ್ದು ಕಾಣುತ್ತವೆ. ಹಾಗೆಯೇ ಫೋಟೊ ತೆಗೆದುಕೊಳ್ಳಿ.