ಪರದೆಯ ಮೇಲೆ ಸುಮ್ಮನಾದ ಕರುಳು

ಕುದುರೆಗೆ ಹೊಟ್ಟೆನೋವು ಹತ್ತಿದ ರಾತ್ರಿ ಲಾಯದಲ್ಲಿ ಯಾರಿಗೂ ನಿದ್ದೆಯಿಲ್ಲ. ಅದು ಮುಂಗಾಲಿನ ಗೊರಸಿನಿಂದ ನೆಲ ಕೆರೆಯುತ್ತದೆ, ಕತ್ತು ಹೊರಳಿಸಿ ತನ್ನ ಪಕ್ಕೆಯನ್ನೇ ದಿಟ್ಟಿಸುತ್ತದೆ, ಮಲಗುತ್ತದೆ, ಏಳುತ್ತದೆ, ಮತ್ತೆ ಧೊಪ್ಪನೆ ಬಿದ್ದು ಹೊರಳಾಡುತ್ತದೆ. ಮೈಯೆಲ್ಲ ಬೆವರು. ಹುಲ್ಲಿನತ್ತ ತಿರುಗಿಯೂ ನೋಡುವುದಿಲ್ಲ, ಲದ್ದಿ ಹಾಕಿ ಎಷ್ಟೋ ಹೊತ್ತಾಗಿರುತ್ತದೆ. ವೈದ್ಯರು ಇದನ್ನು ಕಾಲಿಕ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಶೂಲೆ ಎಂಬ ಹಳೆಯ ಮಾತಿದೆ. ಚುಚ್ಚುವ ನೋವೆಂಬ ಅರ್ಥ ಆ ಹೆಸರಿನಲ್ಲೇ ಇದೆ.

ಬೆಂಗಳೂರಿನ ರೇಸ್ ಕುದುರೆಯಿರಲಿ, ಮೈಸೂರಿನ ಟಾಂಗಾ ಎಳೆಯುವ ಬಡಕಲು ಕುದುರೆಯಿರಲಿ, ಹೊಟ್ಟೆಯೊಳಗಿನ ವ್ಯವಸ್ಥೆ ಎರಡಕ್ಕೂ ಒಂದೇ, ಅಪಾಯವೂ ಒಂದೇ. ಅಷ್ಟು ದೊಡ್ಡ ಪ್ರಾಣಿಗೆ ಜಠರ ಮಾತ್ರ ಸಣ್ಣದು, 8ರಿಂದ 15 ಲೀಟರ್ ಹಿಡಿದರೆ ಹೆಚ್ಚು. ಅನ್ನನಾಳ ಜಠರವನ್ನು ಸೇರುವಲ್ಲಿರುವ ಸ್ನಾಯು ಎಷ್ಟು ಬಿಗಿ ಎಂದರೆ ಕುದುರೆಗೆ ವಾಂತಿ ಮಾಡಿಕೊಳ್ಳಲು ಆಗುವುದಿಲ್ಲ. ಅದರ ಮುಂದೆ 20 ಮೀಟರ್‌ಗೂ ಮೀರಿದ ಸಣ್ಣ ಕರುಳು, ಆಮೇಲೆ ಸೀಕಮ್ ಎಂಬ ಭಾರಿ ಚೀಲ, ಅದಾದ ಮೇಲೆ ಮೂರು ಮೀಟರ್‌ಗೂ ಉದ್ದದ ದೊಡ್ಡ ಕರುಳು. ಈ ದೊಡ್ಡ ಕರುಳು ಹೊಟ್ಟೆಯ ಗೋಡೆಗೆ ಭದ್ರವಾಗಿ ಅಂಟಿಕೊಂಡಿಲ್ಲ. ಮಡಿಕೆ ಮಡಿಕೆಯಾಗಿ ಸಡಿಲವಾಗಿ ಮಲಗಿರುತ್ತದೆ. ಹಾಗಾಗಿ ಅದು ಸರಿಯಬಹುದು, ಉಬ್ಬಬಹುದು, ತಿರುಚಿಕೊಳ್ಳಲೂಬಹುದು.

ಶೂಲೆ ಒಂದೇ ರೋಗವಲ್ಲ ಎಂಬುದು ಇಲ್ಲಿಯ ಮುಖ್ಯ ಸಂಗತಿ. ಕರುಳಿನ ಸ್ನಾಯು ಹಿಡಿದುಕೊಂಡು ಬರುವ ಸೆಳೆತದ ನೋವು ಒಂದು ಇಂಜೆಕ್ಷನ್‌ಗೆ ಇಳಿಯುತ್ತದೆ. ಕರುಳು ತಿರುಚಿಕೊಂಡು ರಕ್ತ ಸಂಚಾರವೇ ನಿಂತಿದ್ದರೆ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು, ಇಲ್ಲವಾದರೆ ಕುದುರೆ ಉಳಿಯುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಒದ್ದಾಟ.

ಸೆಳೆತ ಸಡಿಲಿಸಲು ಜಗತ್ತಿನಾದ್ಯಂತ ಕುದುರೆ ವೈದ್ಯರು ಬಳಸುವ ಮದ್ದು ಹಯೋಸಿನ್ ಬ್ಯುಟೈಲ್‌ಬ್ರೋಮೈಡ್. ಬಸ್ಕೋಪಾನ್ ಎಂದರೆ ಥಟ್ಟನೆ ಗುರುತು ಸಿಗುತ್ತದೆ, ಮನುಷ್ಯರ ಹೊಟ್ಟೆನೋವಿಗೂ ಬರೆದುಕೊಡುವ ಮದ್ದು ಅದು. ಇದರ ಮೂಲವಸ್ತುವಾದ ಹಯೋಸಿನ್ ನಮ್ಮ ಬೇಲಿ ಸಾಲಿನ ಉಮ್ಮತ್ತಿ ಗಿಡದಲ್ಲೂ ಇದೆ. ಉಮ್ಮತ್ತಿ ತಿಂದವರಿಗೆ ತಲೆ ಕೆಡುವುದು ಆ ವಸ್ತು ಮಿದುಳನ್ನು ಮುಟ್ಟುವುದರಿಂದ. ಬಸ್ಕೋಪಾನ್ ಅಣುವಿನ ರಚನೆಯನ್ನು ಅದು ಮಿದುಳಿಗೆ ದಾಟದಂತೆ ಮಾರ್ಪಡಿಸಲಾಗಿದೆ. ಹಾಗಾಗಿ ಅದರ ಕೆಲಸವೆಲ್ಲ ಕರುಳು, ಮೂತ್ರಕೋಶ, ಹೃದಯಗಳಂಥ ಕಡೆ. ಕರುಳಿನ ಸ್ನಾಯುವಿಗೆ ‘ಹಿಂಡು’ ಎಂದು ಹೇಳುವ ನರಸಂದೇಶವನ್ನು ಅದು ತಡೆಯುತ್ತದೆ. ಕುದುರೆಗಳಿಗೆಂದೇ ಅಮೆರಿಕದಲ್ಲಿ ಇದಕ್ಕೆ 2004ರಲ್ಲಿ ಅನುಮತಿ ಸಿಕ್ಕಿತು. ಮೈತೂಕದ ಪ್ರತಿ ಕಿಲೋಗೆ 0.3 ಮಿಲಿಗ್ರಾಂ, ರಕ್ತನಾಳಕ್ಕೆ ನಿಧಾನವಾಗಿ, ಒಂದೇ ಸಲ. ಐನೂರು ಕಿಲೋದ ಕುದುರೆಗೆ 150 ಮಿಲಿಗ್ರಾಂ ಆಯಿತು.

ಇನ್ನು ಅಲ್ಟ್ರಾಸೌಂಡ್. ಕುದುರೆಯ ಹೊಟ್ಟೆ ದೊಡ್ಡದು, ಅನಿಲ ತುಂಬಿದ ಕರುಳಿನಾಚೆ ಶಬ್ದದ ಅಲೆ ಹಾಯುವುದೂ ಇಲ್ಲ. ಹೀಗಾಗಿ ಪರದೆಯ ಮೇಲೆ ಎಲ್ಲವೂ ಕಾಣಿಸದು. ಆದರೂ ಕೂದಲನ್ನು ಸ್ಪಿರಿಟ್‌ನಲ್ಲಿ ತೋಯಿಸಿ ಸರಿಯಾದ ಜಾಗಗಳಲ್ಲಿ ಪ್ರೋಬ್ ಒತ್ತಿದರೆ ಸಿಗುವ ಮಾಹಿತಿ ಕಡಿಮೆಯದಲ್ಲ. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ವಲೇರಿಯಾ ಬುಸೋನಿ ಮತ್ತು ಸಂಗಡಿಗರು ತುರ್ತು ಸಮಯಕ್ಕೆಂದೇ ಏಳು ಜಾಗಗಳನ್ನು ಗುರುತು ಮಾಡಿ, ‘ಫ್ಲ್ಯಾಶ್’ ಎಂಬ ಕ್ರಮವನ್ನು 2011ರಲ್ಲಿ ಮುಂದಿಟ್ಟರು. ಅನುಭವ ಅಷ್ಟಾಗಿ ಇಲ್ಲದ ವೈದ್ಯರೂ ಹತ್ತು ಹನ್ನೊಂದು ನಿಮಿಷದಲ್ಲಿ ಅದನ್ನು ಮುಗಿಸಬಹುದು. ಅರ್ಧರಾತ್ರಿಯ ಲಾಯದಲ್ಲಿ ಹತ್ತು ನಿಮಿಷ ಎಂದರೆ ದೊಡ್ಡ ಉಪಕಾರ.

ಆ ಏಳು ಜಾಗಗಳಲ್ಲಿ ಕಣ್ಣು ಮುಖ್ಯವಾಗಿ ಹುಡುಕುವುದು ಮೂರನ್ನು: ಕರುಳಿನ ಸುತ್ತು ಎಷ್ಟು ಅಗಲವಾಗಿದೆ, ಅದರ ಗೋಡೆ ಎಷ್ಟು ದಪ್ಪವಾಗಿದೆ, ಅದು ಚಲಿಸುತ್ತಿದೆಯೇ. ಆರೋಗ್ಯವಂತ ಸಣ್ಣ ಕರುಳು ಪರದೆಯ ಮೇಲೆ ಸುಮ್ಮನಿರುವುದೇ ಇಲ್ಲ. ಹಿಂಡುತ್ತದೆ, ಬಿಡುತ್ತದೆ, ಒಳಗಿನ ದ್ರವ ಮುಂದಕ್ಕೆ ಜಾರುತ್ತದೆ. ರಕ್ತ ಸಂಚಾರ ನಿಂತ ಕರುಳು ನೀರು ತುಂಬಿದ ಟ್ಯೂಬಿನ ಹಾಗೆ ಗುಂಡಗೆ ಬಿಗಿದುಕೊಂಡು, ದಪ್ಪ ಗೋಡೆಯೊಂದಿಗೆ, ನಿಶ್ಚಲವಾಗಿ ಬಿದ್ದಿರುತ್ತದೆ. ಅಂಥ ಸುತ್ತುಗಳು ಕಂಡರೆ ಶಸ್ತ್ರಚಿಕಿತ್ಸಕರಿಗೆ ಫೋನ್ ಹೋಗುತ್ತದೆ.

ತೊಡಕು ಇರುವುದು ಇಲ್ಲೇ. ಸ್ಕ್ಯಾನ್‌ಗೆ ಮೊದಲೇ ಬಸ್ಕೋಪಾನ್ ಕೊಟ್ಟಿದ್ದರೆ ಚೆನ್ನಾಗಿರುವ ಕರುಳೂ ನಿಶ್ಚಲವಾಗುತ್ತದೆ. ಮದ್ದಿನ ಕೆಲಸವೇ ಅದು. ಇದೇ ಮದ್ದು ನೋವು ನಿವಾರಕದ ಜೊತೆ ಬೆರೆತ ಬಸ್ಕೋಪಾನ್ ಕಾಂಪೋಸಿಟಮ್ ಅನ್ನು ಆರೋಗ್ಯವಂತ ಕುದುರೆಗಳಿಗೆ ಕೊಟ್ಟು ಜರ್ಮನಿಯ ಸಂಶೋಧಕರು ಅಲ್ಟ್ರಾಸೌಂಡ್‌ನಲ್ಲಿ ನೋಡಿದಾಗ ಸಣ್ಣ ಕರುಳಿನ ಆರಂಭದ ಭಾಗ, ಸೀಕಮ್, ದೊಡ್ಡ ಕರುಳು ಎಲ್ಲ ಕಡೆಯೂ ಹಿಂಡುವಿಕೆ ಇಳಿದಿತ್ತು. ಮನುಷ್ಯರ ಆಸ್ಪತ್ರೆಗಳಲ್ಲಿ ಕರುಳಿನ ಎಂಆರ್‌ಐ ಚಿತ್ರ ಅಲುಗದೆ ಬರಲೆಂದು ಇದೇ ಮದ್ದನ್ನು ಬೇಕೆಂದೇ ಕೊಡುತ್ತಾರೆ. ಅಲ್ಲಿ ನೆರವಾಗುವ ಗುಣವೇ ಕುದುರೆಯ ಸ್ಕ್ಯಾನ್‌ನಲ್ಲಿ ದಾರಿ ತಪ್ಪಿಸಬಲ್ಲದು.

ಮದ್ದು ಅಳಿಸಿಹಾಕುವ ಸುಳಿವು ಚಲನೆಯೊಂದೇ ಅಲ್ಲ. ಸ್ಟೆತಸ್ಕೋಪ್‌ಗೆ ಕೇಳುವ ಗುಡುಗುಡು ಸದ್ದೂ ಅಡಗುತ್ತದೆ. ಹೃದಯ ಬಡಿತ ಏರುತ್ತದೆ. ಆರಾಮವಾಗಿ ನಿಂತ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ, ಈ ಎಣಿಕೆ ಏರಿದಷ್ಟೂ ಕಾಯಿಲೆ ಗಂಭೀರ ಎಂದು ವೈದ್ಯರು ಅಂದಾಜು ಮಾಡುತ್ತಾರೆ. ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯವರೆಗೆ ಬಡಿತವನ್ನು ನೋವಿನ ಅಳತೆಯಾಗಿ ನೆಚ್ಚಬಾರದೆಂದು ಔಷಧದ ಮಾಹಿತಿ ಪತ್ರವೇ ಎಚ್ಚರಿಸುತ್ತದೆ. ಹೊರಳಾಡುವ ಕುದುರೆಯನ್ನು ನಿಲ್ಲಿಸಲು ಕೊಡುವ ಜೈಲಜೀನ್, ಡಿಟೋಮಿಡಿನ್‌ನಂಥ ಮಂಪರು ಮದ್ದುಗಳೂ ಕರುಳನ್ನು ನಿಧಾನಗೊಳಿಸುತ್ತವೆ. ಎರಡೂ ಬಿದ್ದ ಕುದುರೆಯ ಸ್ಕ್ಯಾನ್ ನೋಡಿ ‘ಕರುಳು ಚಲಿಸುತ್ತಿಲ್ಲ’ ಎಂದಷ್ಟೇ ಬರೆದರೆ ಆ ವಾಕ್ಯಕ್ಕೆ ಬೆಲೆಯಿಲ್ಲ.

ಹಾಗೆಂದು ಮದ್ದು ಬಿದ್ದ ಮೇಲೆ ಸ್ಕ್ಯಾನ್ ವ್ಯರ್ಥ ಎಂದೇನಲ್ಲ. ಸ್ನಾಯುವನ್ನು ಸಡಿಲಿಸುವ ಒಂದು ಇಂಜೆಕ್ಷನ್ ಕರುಳಿನ ಗೋಡೆಯೊಳಗೆ ನೀರು ತುಂಬಿಸಲಾರದು. ದೊಡ್ಡ ಕರುಳಿನ ಗೋಡೆ 9 ಮಿಲಿಮೀಟರ್ ಅಥವಾ ಹೆಚ್ಚು ದಪ್ಪವಾಗಿದ್ದರೆ ಅದು ತಿರುಚಿಕೊಂಡಿರುವ ಸಾಧ್ಯತೆ ಬಲವಾಗಿದೆ ಎಂದು 2004ರ ಒಂದು ಅಧ್ಯಯನ ತೋರಿಸಿತ್ತು. ಆ ದಪ್ಪಕ್ಕೆ ಬಸ್ಕೋಪಾನ್ ಕಾರಣವಾಗದು. ಸರಿದ ಕರುಳು ಗುಲ್ಮಕ್ಕೂ ಎಡ ಮೂತ್ರಪಿಂಡಕ್ಕೂ ನಡುವೆ ಸಿಕ್ಕಿಕೊಂಡು, ಅದರ ಅನಿಲದ ನೆರಳಿನಲ್ಲಿ ಮೂತ್ರಪಿಂಡವೇ ಮರೆಯಾಗಿದ್ದರೆ ಅದನ್ನೂ ಮದ್ದಿನ ತಲೆಗೆ ಕಟ್ಟಲಾಗದು. ಜಠರ ಹಿಗ್ಗಿರುವುದು, ಹೊಟ್ಟೆಯಲ್ಲಿ ಬೇಡದ ದ್ರವ ನಿಂತಿರುವುದು ಇವೂ ಹಾಗೆಯೇ. ಸಂಶಯಕ್ಕೆ ಎಡೆಯಿರುವುದು ಚಲನೆಯ ವಿಷಯದಲ್ಲಿ. ಗೋಡೆ ತೆಳ್ಳಗಿದ್ದು, ಸುತ್ತು ಹಿಗ್ಗದೆ, ಬರೀ ಚಲನೆ ಕಾಣದಿದ್ದರೆ ಮೊದಲ ಅನುಮಾನ ಮದ್ದಿನ ಮೇಲೆ ಹೋಗಬೇಕು.

ಕೈಗೆ ಬಂದ ಅನುಕೂಲವೊಂದನ್ನೂ ಮರೆಯುವಂತಿಲ್ಲ. ಗುದದ್ವಾರದ ಮೂಲಕ ಕೈ ಹಾಕಿ ಕರುಳನ್ನು ತಡವಿ ನೋಡುವಾಗ ಕುದುರೆ ಮುಕ್ಕಿದರೆ ಕರುಳು ಹರಿಯುವ ಭಯವಿದೆ. ಬಸ್ಕೋಪಾನ್ ಆ ಮುಕ್ಕುವಿಕೆಯನ್ನು ಸಡಿಲಿಸುತ್ತದೆ. ಆದ್ದರಿಂದ ಮದ್ದನ್ನು ದೂರ ಇಡುವ ಪ್ರಶ್ನೆಯಿಲ್ಲ, ಸರದಿಯನ್ನು ಸರಿಮಾಡಿಕೊಳ್ಳಬೇಕು ಅಷ್ಟೆ. ಕುದುರೆ ನಿಲ್ಲುವಷ್ಟು ತಾಳ್ಮೆಯಿಂದಿದ್ದರೆ ಮೊದಲು ಹೃದಯ ಬಡಿತ ಎಣಿಸಿ, ಕರುಳಿನ ಸದ್ದು ಕೇಳಿ, ಪ್ರೋಬ್ ಇಟ್ಟು ನೋಡಿ, ಆಮೇಲೆ ಸೂಜಿ. ನೋವು ತಾಳಲಾರದೆ ನೆಲಕ್ಕೆ ಬೀಳುವ ಕುದುರೆಗೆ ಕಾಯುವುದು ಕ್ರೌರ್ಯ, ಅದಕ್ಕೂ ಅದನ್ನು ಹಿಡಿದವರಿಗೂ ಅಪಾಯ. ಅಂಥಲ್ಲಿ ಮೊದಲು ಮದ್ದು ಕೊಟ್ಟು, ಕೊಟ್ಟ ಗಳಿಗೆಯನ್ನು ಬರೆದಿಟ್ಟುಕೊಂಡು, ಪ್ರಭಾವ ಇಳಿದ ಮೇಲೆ ಅದೇ ಜಾಗಗಳನ್ನು ಮತ್ತೊಮ್ಮೆ ನೋಡುವುದು ಸರಿಯಾದ ದಾರಿ.

ಆ ಎರಡನೇ ನೋಟದಲ್ಲಿ ಬಲಗಡೆಯ ಪಕ್ಕೆಲುಬುಗಳ ನಡುವೆ ಸಣ್ಣ ಕರುಳಿನ ಮೊದಲ ಭಾಗ ಮತ್ತೆ ಮೆಲ್ಲಗೆ ಹಿಂಡಲು ತೊಡಗಿದ್ದರೆ, ಕುದುರೆ ತಲೆ ಎತ್ತಿ ನೀರಿನ ಬಾನಿಯತ್ತ ಮೂಗು ಚಾಚಿದರೆ, ಲಾಯದವರು ಒಂದು ಲೋಟ ಚಹಾ ಕುಡಿಯಬಹುದು. ಗುಂಡಗೆ ಬಿಗಿದ ಸುತ್ತುಗಳು ಹಾಗೆಯೇ ಬಿದ್ದಿದ್ದು, ಮದ್ದನ್ನೂ ಮೀರಿ ನೋವು ಮರುಕಳಿಸಿದ್ದರೆ ಗಾಡಿ ಬಾಗಿಲಿಗೆ ಬರಬೇಕು. ಕುದುರೆಯ ಜೊತೆ ಒಂದು ಚೀಟಿಯೂ ಆಸ್ಪತ್ರೆಗೆ ಹೋಗಬೇಕು: ಯಾವ ಮದ್ದು, ಎಷ್ಟು, ಎಷ್ಟು ಗಂಟೆಗೆ, ಅದಕ್ಕೂ ಮೊದಲು ಹೃದಯ ಎಷ್ಟು ಬಡಿಯುತ್ತಿತ್ತು.